ಎಂಟು ತಿಂಗಳಾಯ್ತು, ಇನ್ನೂ ಏನೂ ಇಲ್ಲ: ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ಹೋದ ವಾರ ಹರಿಹರದಿಂದ ನಮ್ಮ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. ಮದುವೆಯಾಗಿ ವರ್ಷ ತುಂಬುತ್ತಾ ಬಂತು. ಮೊದಲು ಮಳೆ, ಮೆಕ್ಕೆಜೋಳದ ರೇಟು, ಅದೂ ಇದೂ ಮಾತಾಡಿದಳು. ಆಮೇಲೆ ದನಿ ತಗ್ಗಿಸಿ, "ಅಕ್ಕಾ, ಎಂಟು ತಿಂಗಳಿಂದ ನೋಡ್ತಿದೀವಿ, ಏನೂ ಆಗ್ತಿಲ್ಲ. ಅತ್ತೆ ದಾವಣಗೆರೆಗೆ ಹೋಗಿ ತೋರಿಸ್ಕೊಂಡು ಬಾ ಅಂತಾರೆ. ಇವರು ಸುಮ್ನಿರು, ಇನ್ನೂ ಟೈಮ್ ಐತಿ ಅಂತಾರೆ. ನಾನು ಯಾರ ಮಾತು ಕೇಳ್ಲಿ?" ಅಂದಳು.

ನಾನು ತಕ್ಷಣ ಉತ್ತರ ಹೇಳಲಿಲ್ಲ. ಇದೇ ಪ್ರಶ್ನೆ ಒಂದು ಕಾಲಕ್ಕೆ ನನಗೂ ಇತ್ತು. ಆಗ ಸಲಹೆ ಕೊಡುವವರು ಜಾಸ್ತಿ ಇದ್ದರು, ಕೂರಿಸಿಕೊಂಡು ತಿಳಿಸಿ ಹೇಳುವವರು ಇರಲಿಲ್ಲ. ಹಾಗಾಗಿ ನಾವು ಮೂರು ವರ್ಷ ಕಳೆದುಕೊಂಡೆವು. ಈಗ ಊರಿನ ಸರ್ಕಲ್ಲುಗಳಲ್ಲಿ ಮಗುವಿನ ಫೋಟೋ ಇರುವ ಫರ್ಟಿಲಿಟಿ ಸೆಂಟರಿನ ಫ್ಲೆಕ್ಸ್ ಕಾಣುತ್ತವೆ. ಅದನ್ನು ನೋಡಿ ಆರೇ ತಿಂಗಳಿಗೆ ಹೆದರಿ ಓಡುವವರೂ ಇದ್ದಾರೆ, ಐದು ವರ್ಷವಾದರೂ ಬರೀ ಹರಕೆ ಹೊತ್ತು ಕೂತವರೂ ಇದ್ದಾರೆ. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಗರ್ಭ ನಿಲ್ಲಬೇಕು ಅಂದ್ರೆ ಏನೇನು ಆಗಬೇಕು

ಹೆಣ್ಣಿನ ಹೊಟ್ಟೆಯಲ್ಲಿ ಎರಡು ಅಂಡಾಶಯಗಳಿರುತ್ತವೆ. ಸಾಮಾನ್ಯವಾಗಿ ತಿಂಗಳಿಗೆ ಒಂದು ಅಂಡಾಣು ಬಲಿತು ಹೊರಗೆ ಬರುತ್ತದೆ. ಅದು ಪಕ್ಕದ ಸಣ್ಣ ಟ್ಯೂಬಿನೊಳಗೆ ಇಳಿಯುತ್ತದೆ. ಅಷ್ಟು ಹೊತ್ತಿಗೆ ಗಂಡಿನ ವೀರ್ಯಾಣು ಗರ್ಭಕೋಶ ದಾಟಿ ಆ ಟ್ಯೂಬಿಗೆ ಬಂದಿರಬೇಕು. ಎರಡೂ ಕೂಡುವುದು ಅಲ್ಲೇ. ಕೂಡಿದ ಮೇಲೆ ಆ ಕಣ ಕೆಲವು ದಿನ ತೆಗೆದುಕೊಂಡು ಗರ್ಭಕೋಶಕ್ಕೆ ಬಂದು, ಅದರ ಒಳಪದರಕ್ಕೆ ಅಂಟಿಕೊಂಡರೆ ಆ ತಿಂಗಳು ಮುಟ್ಟು ನಿಲ್ಲುತ್ತದೆ.

ಅಂಡಾಣು ಹೊರಬಂದ ಮೇಲೆ ಬದುಕಿರುವುದು 12ರಿಂದ 24 ಗಂಟೆ ಅಷ್ಟೇ. ವೀರ್ಯಾಣು ಹೆಣ್ಣಿನ ದೇಹದೊಳಗೆ 5 ದಿನದ ತನಕ ಬದುಕಬಲ್ಲದು. ಹೀಗಾಗಿ ತಿಂಗಳಲ್ಲಿ ಗರ್ಭ ನಿಲ್ಲುವ ಅವಕಾಶ ಇರುವುದು ಸುಮಾರು 6 ದಿನ: ಅಂಡಾಣು ಬಿಡುಗಡೆಯಾಗುವ ದಿನ, ಅದರ ಹಿಂದಿನ 5 ದಿನ.

ಆ ದಿನ ಗೊತ್ತುಮಾಡುವುದು ಹೇಗೆ? ಮುಂದಿನ ಮುಟ್ಟು ಬರುವ ಸುಮಾರು 14 ದಿನ ಮೊದಲು ಅಂಡಾಣು ಬಿಡುಗಡೆಯಾಗುತ್ತದೆ. 28 ದಿನಕ್ಕೆ ಮುಟ್ಟಾಗುವವರಿಗೆ 14ನೇ ದಿನ. 35 ದಿನಕ್ಕೆ ಆಗುವವರಿಗೆ 21ನೇ ದಿನ. ಎಲ್ಲರಿಗೂ 14ನೇ ದಿನವೇ ಅಂದುಕೊಳ್ಳಬೇಡಿ.

ನಾನು ಮಾಡಿದ ತಪ್ಪು ಬೇರೆ. ನಮ್ಮನೆ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು, ಅದರ ನಡುವೆ ನನ್ನ ಸಣ್ಣ ಸುತ್ತುಗಳು. ನಾನು ತಲೆಗೆ ನೀರು ಹಾಕಿಕೊಂಡ ದಿನಕ್ಕೆ ಸುತ್ತು ಹಾಕಿ ಅಲ್ಲಿಂದ ಎಣಿಸುತ್ತಿದ್ದೆ. ಎರಡು ವರ್ಷವಾದ ಮೇಲೆ ಒಬ್ಬ ಡಾಕ್ಟರಮ್ಮ ಕ್ಯಾಲೆಂಡರ್ ತರಿಸಿ ನೋಡಿ, "ರಕ್ತಸ್ರಾವ ಶುರುವಾದ ದಿನವೇ ಒಂದನೇ ದಿನ ಕಣಮ್ಮಾ" ಅಂದರು. ನನ್ನ ಲೆಕ್ಕ ಪ್ರತಿ ತಿಂಗಳೂ ನಾಲ್ಕು ದಿನ ಹಿಂದೆ ಬಿದ್ದಿತ್ತು. ನಾನು ಸರಿಯಾದ ದಿನ ಅಂದುಕೊಂಡಾಗ ಅಂಡಾಣುವಿನ ಕಾಲ ಮುಗಿದೇ ಹೋಗಿರುತ್ತಿತ್ತು.

ಇಷ್ಟೆಲ್ಲ ಲೆಕ್ಕ ಬೇಡ ಅನ್ನುವವರು ವಾರಕ್ಕೆ ಎರಡು ಮೂರು ಸಲ ಸೇರಿದರೆ ಸಾಕು, ಆ ದಿನಗಳು ತಾನಾಗೇ ಸಿಗುತ್ತವೆ. ಮೆಡಿಕಲ್ ಶಾಪಿನಲ್ಲಿ ಅಂಡಾಣು ಬಿಡುಗಡೆ ತೋರಿಸುವ ಟೆಸ್ಟ್ ಸ್ಟ್ರಿಪ್ ಸಿಗುತ್ತದೆ, ಪಿಸಿಓಎಸ್ (ಅಂಡಾಣು ಸರಿಯಾಗಿ ಬಲಿಯದ ಹಾರ್ಮೋನಿನ ತೊಂದರೆ) ಇರುವವರಿಗೆ ಅದು ಕೆಲವೊಮ್ಮೆ ತಪ್ಪು ತೋರಿಸುತ್ತದೆ.

ಒಂದು ವರ್ಷ ಅನ್ನುವ ಲೆಕ್ಕ ಎಲ್ಲಿಂದ ಬಂತು

ಯಾವ ತಡೆಯನ್ನೂ ಬಳಸದೆ, ನಿಯಮಿತವಾಗಿ ಸೇರುತ್ತಿದ್ದು, 12 ತಿಂಗಳಾದರೂ ಗರ್ಭ ನಿಲ್ಲದಿದ್ದರೆ ಅದನ್ನು ವೈದ್ಯರು ಬಂಜೆತನ ಎಂದು ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ ಕೂಡ ಇದೇ. ಆ ಪದ ನನಗೆ ಹಿಡಿಸುವುದಿಲ್ಲ. ಹೆಂಗಸಿನ ಹಣೆಗೆ ಅಂಟಿಸಿದ ಪದ ಅದು. ಗಂಡಿಗೆ ತೊಂದರೆ ಇದ್ದರೂ ಊರು ಹೆಣ್ಣಿಗೇ ಬಂಜೆ ಅನ್ನುತ್ತದೆ, ಅಲ್ವಾ? ಆದ್ದರಿಂದ ಇಲ್ಲಿ "ತಡ" ಅಂತಲೇ ಬರೆಯುತ್ತೇನೆ. ಇದು ಅಪರೂಪದ್ದೂ ಅಲ್ಲ. ಜೀವನದ ಒಂದಲ್ಲ ಒಂದು ಹಂತದಲ್ಲಿ ಸುಮಾರು ಆರು ಜನರಲ್ಲಿ ಒಬ್ಬರಿಗೆ ಈ ತೊಂದರೆ ಬರುತ್ತದೆ ಎಂದು ಅದೇ ಸಂಸ್ಥೆ 2023ರಲ್ಲಿ ಹೇಳಿತು.

ಈಗ 12 ತಿಂಗಳೇ ಯಾಕೆ? ಚೌಕಾಬಾರ ಆಡುವಾಗ ಬೇಕಾದ ಗರ ಮೊದಲ ಸಲಕ್ಕೇ ಬೀಳುವುದಿಲ್ಲ. ನಾಲ್ಕು ಸಲ ಹಾಕಿದರೂ ಬೀಳದಿದ್ದರೆ ಕವಡೆ ಕೆಟ್ಟಿದೆ ಅಂತ ಯಾರೂ ಹೇಳಲ್ಲ. ಇದೂ ಹಾಗೇ. ಇಬ್ಬರೂ ಆರೋಗ್ಯವಾಗಿದ್ದು, ವಯಸ್ಸೂ ಚಿಕ್ಕದಿದ್ದು, ಎಲ್ಲ ಸರಿಯಿದ್ದರೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ 20ರಿಂದ 25 ಮಾತ್ರ. ನೂರು ಜೋಡಿ ಪ್ರಯತ್ನಿಸಿದರೆ ವರ್ಷದೊಳಗೆ ಸುಮಾರು 80ರಿಂದ 85 ಜೋಡಿಗೆ ನಿಲ್ಲುತ್ತದೆ. ಉಳಿದವರಲ್ಲೂ ಸುಮಾರು ಅರ್ಧ ಜನಕ್ಕೆ ಎರಡನೇ ವರ್ಷದಲ್ಲಿ ತಾನಾಗೇ ಆಗುತ್ತದೆ. ಹಾಗಾಗಿ ಮೂರು ನಾಲ್ಕು ತಿಂಗಳಿಗೇ ಟೆಸ್ಟ್ ಮಾಡಿಸಿದರೆ ಬಹುತೇಕರಿಗೆ ಸುಮ್ನೆ ಖರ್ಚು, ಸುಮ್ನೆ ಭಯ. ವರ್ಷ ದಾಟಿದ ಮೇಲೆ ಮಾತ್ರ ಎಲ್ಲೋ ಏನೋ ತಡೆಯುತ್ತಿರಬಹುದು ಎಂಬ ಅನುಮಾನಕ್ಕೆ ಬಲ ಬರುತ್ತದೆ.

ಹನ್ನೆರಡು ತಿಂಗಳು ಅಂದರೆ ಒಟ್ಟಿಗೆ ಇದ್ದ ಹನ್ನೆರಡು ತಿಂಗಳು. ಗಂಡ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಶನಿವಾರ ರಾತ್ರಿ ಬಂದು ಭಾನುವಾರ ಸಂಜೆ ಹೊರಡುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಅಂಥವರು ಮದುವೆಯ ತಾರೀಖಿನಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಆ ಆರು ದಿನದೊಳಗೆ ಅವರು ಊರಲ್ಲಿದ್ದ ತಿಂಗಳುಗಳನ್ನು ಎಣಿಸಿ.

ಯಾರು ವರ್ಷದ ತನಕ ಕಾಯಬಾರದು

ಹೆಣ್ಣಿನ ವಯಸ್ಸು 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. 40 ದಾಟಿದ್ದರೆ ಮಗು ಬೇಕು ಎಂದುಕೊಂಡ ಕೂಡಲೇ. ಹೆಣ್ಣುಮಗು ಹುಟ್ಟುವಾಗಲೇ ತನ್ನ ಇಡೀ ಬದುಕಿನ ಅಂಡಾಣುಗಳನ್ನು ಹೊತ್ತುಕೊಂಡು ಬರುತ್ತದೆ, ಸುಮಾರು 10ರಿಂದ 20 ಲಕ್ಷ. ದೊಡ್ಡವಳಾಗುವ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತದೆ. ಆಮೇಲೂ ಕಮ್ಮಿಯಾಗುತ್ತಲೇ ಇರುತ್ತದೆ, ಹೊಸದಾಗಿ ಹುಟ್ಟುವುದಿಲ್ಲ. 35ರ ನಂತರ ಸಂಖ್ಯೆಯೂ ಗುಣವೂ ಬೇಗ ಬೇಗ ಇಳಿಯುತ್ತವೆ.

ವಯಸ್ಸು ಚಿಕ್ಕದಿದ್ದರೂ ಕೆಲವರು ಕಾಯಬಾರದು. ಮುಟ್ಟು 21 ದಿನದೊಳಗೇ ಬರುವವರು, ಅಥವಾ 35 ದಿನ ದಾಟಿ ಎರಡು ಮೂರು ತಿಂಗಳಿಗೊಮ್ಮೆ ಬರುವವರು. ಮುಟ್ಟಿನ ಹೊಟ್ಟೆನೋವಿಗೆ ಹಾಸಿಗೆ ಹಿಡಿಯುವವರು. ಹಿಂದೆ ಟಿಬಿ ಆಗಿದ್ದವರು. ನಮ್ಮ ದೇಶದಲ್ಲಿ ಟ್ಯೂಬ್ ಮುಚ್ಚಿಕೊಳ್ಳಲು ಟಿಬಿ ಒಂದು ದೊಡ್ಡ ಕಾರಣ, ಅದು ಶ್ವಾಸಕೋಶಕ್ಕೆ ಮಾತ್ರ ಬರುವ ಕಾಯಿಲೆ ಅಲ್ಲ. ಟ್ಯೂಬಿನಲ್ಲೇ ಗರ್ಭ ನಿಂತು ಆಪರೇಷನ್ ಆದವರು, ಎರಡು ಸಲ ಗರ್ಭ ಹೋದವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು.

ಗಂಡಸರಲ್ಲೂ ಇದ್ದಾರೆ. ಚಿಕ್ಕಂದಿನಲ್ಲಿ ವೃಷಣ ಕೆಳಗೆ ಇಳಿದಿರದೆ ಆಪರೇಷನ್ ಆದವರು, ಹರ್ನಿಯಾ ಆಪರೇಷನ್ ಆದವರು, ದೊಡ್ಡವರಾದ ಮೇಲೆ ಮಂಗನಬಾವು ಬಂದು ಕೆನ್ನೆಯ ಜೊತೆ ವೃಷಣವೂ ಊದಿಕೊಂಡಿದ್ದವರು, ಸೇರುವುದರಲ್ಲೇ ತೊಂದರೆ ಇರುವವರು. ಕೊನೆಯದನ್ನು ಡಾಕ್ಟರ ಹತ್ತಿರ ಹೇಳಿಕೊಳ್ಳಲು ಬಹಳ ಜನ ನಾಚುತ್ತಾರೆ. ಅದನ್ನು ಹೇಳದೆ ಉಳಿದ ಎಲ್ಲ ಟೆಸ್ಟ್ ಮಾಡಿಸಿದರೂ ಉಪಯೋಗವಿಲ್ಲ.

ಮೊದಲು ಅವರ ಟೆಸ್ಟ್

ಈ ಭಾಗವನ್ನು ಗಂಡಸರೂ ಓದಲಿ ಅಂತ ಆಸೆ.

ನನ್ನ ತವರು ಚಳ್ಳಕೆರೆ ಕಡೆ. ಶೇಂಗಾ ಬಿತ್ತುವ ಮುಂಚೆ ನಮ್ಮಪ್ಪ ನೂರು ಬೀಜ ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿ, ಹಟ್ಟಿಯ ಮೂಲೆಯಲ್ಲಿ ಇಡುತ್ತಿದ್ದರು. ಕೆಲವು ದಿನ ಬಿಟ್ಟು ಬಿಚ್ಚಿ ಮೊಳಕೆ ಎಣಿಸುತ್ತಿದ್ದರು. ಮೊಳಕೆ ಕಮ್ಮಿ ಇದ್ದರೆ ಬೇರೆ ಬೀಜ ತರುತ್ತಿದ್ದರು. ಮಗುವಿನ ವಿಷಯಕ್ಕೆ ಬಂದಾಗ ನಮ್ಮ ಜನ ಹೆಣ್ಣನ್ನು ಹೊಲ, ಗಂಡನ್ನು ಬೀಜ ಅಂತಾರೆ, ಆದರೆ ಬೀಜ ನೋಡದೆಯೇ ಹೊಲಕ್ಕೆ ಮೂರು ವರ್ಷ ಗೊಬ್ಬರ ಹೊಡೆಯುತ್ತಾರೆ. ನನಗೆ ಆಗಿದ್ದು ಅದೇ. ಬಿಸಿ ಕಷಾಯ, ತಣ್ಣನೆ ಕಷಾಯ, ಊರೂರಿನ ಪುಡಿ, ಎರಡು ಸಲ ಸ್ಕ್ಯಾನಿಂಗ್, ಹಾರ್ಮೋನು ಮಾತ್ರೆ. ನಮ್ಮನೆಯವರ ಟೆಸ್ಟ್ ಬರೆದುಕೊಟ್ಟಿದ್ದು ಮೂರನೇ ವರ್ಷ, ಮೂರನೇ ಡಾಕ್ಟರು. ಒಂದೇ ಟೆಸ್ಟಿನಲ್ಲಿ ವೀರ್ಯಾಣು ಕಮ್ಮಿ ಇರುವುದು ಗೊತ್ತಾಯಿತು.

ತಡವಾಗುವ ಜೋಡಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ, ಕೆಲವೊಮ್ಮೆ ಅದೊಂದೇ, ಕೆಲವೊಮ್ಮೆ ಹೆಣ್ಣಿನ ಕಾರಣದ ಜೊತೆಗೆ. ವೀರ್ಯ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ, ಉಳಿದ ಟೆಸ್ಟುಗಳಿಗಿಂತ ಖರ್ಚೂ ಕಡಿಮೆ.

ಗಂಡಸರು ಹೆದರುವುದು ಬೇರೆ ಕಾರಣಕ್ಕೆ. ವೀರ್ಯ ಬೇರೆ, ವೀರ್ಯಾಣು ಬೇರೆ. ವೀರ್ಯ ಕಣ್ಣಿಗೆ ಕಾಣುವ ದ್ರವ. ಅದರೊಳಗೆ ವೀರ್ಯಾಣು ಎಷ್ಟಿದೆ ಅನ್ನುವುದು ಮೈಕ್ರೋಸ್ಕೋಪಿಗೆ ಮಾತ್ರ ಗೊತ್ತು. ಗಂಡಹೆಂಡಿರ ಸಂಬಂಧ ಚೆನ್ನಾಗೇ ಇದ್ದು, ಶಕ್ತಿ ಎಲ್ಲ ಸರಿಯಿದ್ದು, ವೀರ್ಯಾಣು ಕಮ್ಮಿ ಇರಬಹುದು. ಗಂಡಸುತನಕ್ಕೂ ಈ ಸಂಖ್ಯೆಗೂ ಸಂಬಂಧವಿಲ್ಲ.

ಟೆಸ್ಟಿಗೆ 2ರಿಂದ 7 ದಿನ ಮೊದಲಿನಿಂದ ವೀರ್ಯ ಹೊರಹೋಗಿರಬಾರದು. ಲ್ಯಾಬಿನಲ್ಲಿ ಒಂದು ಸಣ್ಣ ಡಬ್ಬಿ ಕೊಡುತ್ತಾರೆ, ಪಕ್ಕದಲ್ಲೊಂದು ರೂಮಿರುತ್ತದೆ. ಅಲ್ಲಿ ಆಗಲ್ಲ ಅಂದರೆ ಕೇಳಿಕೊಂಡು ಮನೆಯಿಂದ ತರಬಹುದು, ಆದರೆ ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು, ಜೇಬಿನಲ್ಲಿ ಮೈಗೆ ಹತ್ತಿರ ಬೆಚ್ಚಗೆ ಇಟ್ಟುಕೊಂಡು ಬರಬೇಕು. ಸೋಪು, ಎಣ್ಣೆ, ಮಾಮೂಲಿ ಕಾಂಡೋಮ್ ಯಾವುದೂ ಬೇಡ. ಮೊದಲ ಹನಿ ಚೆಲ್ಲಿದ್ದರೆ ಮುಚ್ಚಿಡದೆ ಹೇಳಿ, ಜಾಸ್ತಿ ವೀರ್ಯಾಣು ಇರುವುದು ಅದರಲ್ಲೇ.

ರಿಪೋರ್ಟ್ ಓದುವಾಗ ಎದೆ ಧಸಕ್ಕೆನ್ನುವ ಒಂದು ಸಾಲಿದೆ: ಸರಿಯಾದ ಆಕಾರದವು ಶೇಕಡಾ 4. ಅಯ್ಯೋ 96 ಕೆಟ್ಟಿವೆಯಾ ಅಂತ ಗಾಬರಿಯಾಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಮಟ್ಟದ ಪ್ರಕಾರ 4 ಇದ್ದರೆ ಸಾಕು. ಸಂಖ್ಯೆ ಒಂದು ಮಿಲಿ ಲೀಟರಿಗೆ 1.6 ಕೋಟಿ, ಚಲಿಸುವವು ಶೇಕಡಾ 42, ಇವು ಕೆಳಗಿನ ಗಡಿ. ಗಡಿಗಿಂತ ಸ್ವಲ್ಪ ಕೆಳಗಿದ್ದರೂ ಮಗು ಆಗಲ್ಲ ಅಂತ ಅರ್ಥವಲ್ಲ. ಒಂದೇ ರಿಪೋರ್ಟ್ ನೋಡಿ ತೀರ್ಮಾನವನ್ನೂ ಮಾಡುವುದಿಲ್ಲ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸುತ್ತಾರೆ. ಜೋರು ಜ್ವರ ಬಂದು ಹೋಗಿದ್ದರೂ ಎರಡು ಮೂರು ತಿಂಗಳು ಸಂಖ್ಯೆ ಇಳಿದಿರುತ್ತದೆ.

ಒಂದು ವೀರ್ಯಾಣು ತಯಾರಾಗಲು ಸುಮಾರು 70ರಿಂದ 75 ದಿನ ಬೇಕು. ಇವತ್ತು ಗುಟ್ಕಾ, ಬೀಡಿ, ಕುಡಿತ ಬಿಟ್ಟರೆ ಅದರ ಫಲ ಕಾಣಲು ಮೂರು ತಿಂಗಳು. ಜಿಮ್ಮಿಗೆ ಹೋಗುವ ಹುಡುಗರು ಮೈ ಕಟ್ಟಲು ಹಾಕಿಸಿಕೊಳ್ಳುವ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ವೀರ್ಯಾಣು ತಯಾರಿಯನ್ನೇ ನಿಲ್ಲಿಸಿಬಿಡಬಹುದು. ಗಂಡಸಿನ ಹಾರ್ಮೋನು, ಹಾಗಾಗಿ ಒಳ್ಳೆಯದೇ ಅಂದುಕೊಂಡು ಹಾಕಿಸುತ್ತಾರೆ, ಆಗುವುದು ಉಲ್ಟಾ. ವೃಷಣದ ರಕ್ತನಾಳ ಊದಿಕೊಳ್ಳುವ ವೆರಿಕೋಸೀಲ್ ಇನ್ನೊಂದು ಸಾಮಾನ್ಯ ಕಾರಣ. ಅದಕ್ಕೆ ಚಿಕಿತ್ಸೆ ಇದೆ.

ಹೆಂಗಸರ ಟೆಸ್ಟುಗಳು

ಡಾಕ್ಟರು ಮೂರು ಪ್ರಶ್ನೆಗೆ ಉತ್ತರ ಹುಡುಕುತ್ತಾರೆ. ಅಂಡಾಣು ಬಿಡುಗಡೆಯಾಗುತ್ತಿದೆಯಾ? ಟ್ಯೂಬಿನ ದಾರಿ ತೆರೆದಿದೆಯಾ? ಗರ್ಭಕೋಶ ಸರಿಯಿದೆಯಾ?

ಮೊದಲನೆಯದಕ್ಕೆ ರಕ್ತ ಪರೀಕ್ಷೆ. ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನುಗಳು ಹೆಚ್ಚುಕಮ್ಮಿಯಾದರೆ ಮುಟ್ಟು ಏರುಪೇರಾಗುತ್ತದೆ. ಕೆಲವು ಹಾರ್ಮೋನುಗಳನ್ನು ಮುಟ್ಟಿನ 2ನೇ ಅಥವಾ 3ನೇ ದಿನವೇ ನೋಡಬೇಕು, ಅದಕ್ಕೇ ಫೋನ್ ಮಾಡಿ ದಿನ ಕೇಳಿಕೊಂಡು ಹೋಗಿ, ಇಲ್ಲದಿದ್ದರೆ ಜಗಳೂರಿನಿಂದಲೋ ಹೊಸದುರ್ಗದಿಂದಲೋ ಬಸ್ ಹತ್ತಿ ಬಂದವರು ಬರಿಗೈಲಿ ವಾಪಸ್ ಹೋಗಬೇಕಾಗುತ್ತದೆ. ಪ್ರೊಜೆಸ್ಟಿರಾನ್ ಎಂಬುದನ್ನು ಮುಂದಿನ ಮುಟ್ಟಿಗೆ 7 ದಿನ ಇರುವಾಗ ನೋಡುತ್ತಾರೆ. ಎಎಂಎಚ್ ಎಂಬ ಟೆಸ್ಟಿನ ಬಗ್ಗೆ ಬಹಳ ಭಯವಿದೆ. ಉಳಿದಿರುವ ಅಂಡಾಣುಗಳ ಅಂದಾಜನ್ನು ಅದು ಕೊಡುತ್ತದೆ, ಗುಣವನ್ನು ಹೇಳುವುದಿಲ್ಲ. ಅದು ಕಮ್ಮಿ ಇದ್ದವರಿಗೂ ತಾನಾಗೇ ಗರ್ಭ ನಿಲ್ಲುತ್ತದೆ.

ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಗಡ್ಡೆ, ಅಂಡಾಶಯದ ಸ್ಥಿತಿ ಕಾಣುತ್ತದೆ. ಪಿಸಿಓಎಸ್ ಇದ್ದರೆ ಅಂಡಾಣು ಪ್ರತಿ ತಿಂಗಳು ಪೂರ್ತಿ ಬಲಿತು ಹೊರಬರುವುದಿಲ್ಲ. ತೂಕ ಜಾಸ್ತಿ ಇರುವವರು ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೂ ಎಷ್ಟೋ ಜನಕ್ಕೆ ಮುಟ್ಟು ಸರಿಹೋಗುತ್ತದೆ.

ಟ್ಯೂಬ್ ನೋಡಲು ಎಚ್‌ಎಸ್‌ಜಿ. ಅಡಿಕೆ ತೋಟದಲ್ಲಿ ಡ್ರಿಪ್ ಪೈಪು ಕಟ್ಟಿಕೊಂಡಿದೆಯಾ ಅಂತ ನೀರು ಬಿಟ್ಟು ನೋಡುತ್ತೇವಲ್ಲ, ಹಾಗೆ. ಸ್ರಾವ ನಿಂತ ಮೇಲೆ, ಅಂಡಾಣು ಬಿಡುಗಡೆಗೆ ಮುಂಚೆ, ಗರ್ಭಕೋಶದೊಳಗೆ ಒಂದು ದ್ರವ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ದ್ರವ ಎರಡೂ ಟ್ಯೂಬಿನ ತುದಿಯಿಂದ ಚೆಲ್ಲಿದರೆ ದಾರಿ ತೆರೆದಿದೆ. ನೋವಿನ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ, ಆದ್ದರಿಂದ ಹೇಳುತ್ತೇನೆ: ದ್ರವ ಹೋಗುವಾಗ ಮುಟ್ಟಿನ ಮೊದಲ ದಿನದಂಥ ಗಟ್ಟಿ ನೋವು ಕೆಲವು ನಿಮಿಷ ಬರುತ್ತದೆ. ಮೊದಲೇ ತೆಗೆದುಕೊಳ್ಳಲು ನೋವಿನ ಮಾತ್ರೆ ಕೇಳಿ. ಜೊತೆಗೆ ಒಬ್ಬರು ಬರಲಿ. ಮನೆಗೆ ಹೋಗಿ ಮಲಗಿ.

ಎಲ್ಲ ಟೆಸ್ಟ್ ಮಾಡಿಸಿದರೂ ನೂರಕ್ಕೆ 15ರಿಂದ 30 ಜೋಡಿಗಳಲ್ಲಿ ಏನೂ ಸಿಗುವುದಿಲ್ಲ. ಇವತ್ತಿನ ಟೆಸ್ಟುಗಳು ನೋಡಬಲ್ಲ ಜಾಗದಲ್ಲಿ ತೊಂದರೆ ಇಲ್ಲ ಅಂತ ಅಷ್ಟೇ ಅದರ ಅರ್ಥ. ಅವರಿಗೂ ಚಿಕಿತ್ಸೆ ಇದೆ.

ಮುಂದಿನ ಮೆಟ್ಟಿಲುಗಳು

ಮೊದಲು ಸಿಗುವುದು ಸಾಮಾನ್ಯವಾಗಿ ಅಂಡಾಣು ಬಲಿಯಲು ಮಾತ್ರೆ. ಆಮೇಲೆ ಐಯುಐ: ವೀರ್ಯವನ್ನು ಲ್ಯಾಬಿನಲ್ಲಿ ತೊಳೆದು, ಚುರುಕಾಗಿರುವ ವೀರ್ಯಾಣುಗಳನ್ನು ಸಣ್ಣ ನಳಿಕೆಯಲ್ಲಿ ಗರ್ಭಕೋಶದೊಳಗೆ ಬಿಡುವುದು. ನಮಗೆ ಮೂರನೇ ಸಲಕ್ಕೆ ನಿಂತಿತು. ಐವಿಎಫ್‌ನಲ್ಲಿ ಅಂಡಾಣುವನ್ನು ಹೊರತೆಗೆದು ಲ್ಯಾಬಿನಲ್ಲೇ ವೀರ್ಯಾಣು ಸೇರಿಸಿ, ಬೆಳೆದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುತ್ತಾರೆ. ಹೀಗೆ ಹುಟ್ಟಿದ ಜಗತ್ತಿನ ಮೊದಲ ಮಗು 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ ನಮ್ಮ ದೇಶದ ಮೊದಲ ಮಗು ಹುಟ್ಟಿತು. ಬದುಕಿರುವಾಗ ಅವರನ್ನು ಯಾರೂ ನಂಬಲಿಲ್ಲ ಅನ್ನುವುದು ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ.

ಈಗ ಇದಕ್ಕೆ 2021ರ ಕಾನೂನಿದೆ. ಐವಿಎಫ್ ಮಾಡುವ ಕೇಂದ್ರ ನೋಂದಣಿ ಆಗಿರಲೇಬೇಕು, ಪ್ರಮಾಣಪತ್ರ ಕೇಳಿ ನೋಡಿ. ಗಂಡುಮಗುವೇ ಆಗುವಂತೆ ಮಾಡಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ, ಅದು ಅಪರಾಧ.

ಕಾಯುವ ದಿನಗಳು

ನನಗೆ ಟೆಸ್ಟಿಗಿಂತ ಕಷ್ಟವಾಗಿದ್ದು ಮನೆಗಳ ಫಂಕ್ಷನ್ನು. "ಏನವ್ವಾ, ಏನಾರ ವಿಶೇಷ ಐತೇನು?" ಅಂತ ಉಡಿ ತುಂಬುವ ಕೈಯೇ ಕೇಳುತ್ತದೆ. ದುಗ್ಗಮ್ಮನ ಜಾತ್ರೆಗೆ ಬಂದ ನೆಂಟರೆಲ್ಲ ನನ್ನ ಹೊಟ್ಟೆ ನೋಡಿಯೇ ಮಾತು ಶುರುಮಾಡುತ್ತಿದ್ದರು. ಆಮೇಲೆ ನಮ್ಮನೆಯವರೇ ಒಂದು ಉಪಾಯ ಮಾಡಿದರು. ಯಾರೇ ಕೇಳಲಿ, "ಡಾಕ್ಟರು ನೋಡ್ತಿದಾರೆ, ಆದಾಗ ನಾವೇ ಹೇಳ್ತೀವಿ" ಅಂತ ಅವರೇ ಉತ್ತರ ಕೊಡುತ್ತಿದ್ದರು. ಗಂಡನ ಬಾಯಿಂದ ಬಂದ ಆ ಒಂದು ಮಾತಿಗೆ ಎಷ್ಟೋ ಜನ ಸುಮ್ಮನಾದರು. ಸೀಮಂತಕ್ಕೆ ಹೋಗಲು ಮನಸ್ಸಾಗದಿದ್ದರೆ ಹೋಗಬೇಡಿ. ಅದು ಹೊಟ್ಟೆಕಿಚ್ಚಲ್ಲ, ನೋವು.

"ಟೆನ್ಶನ್ ಮಾಡ್ಕೊಂಡಿದ್ದಕ್ಕೇ ಆಗ್ತಿಲ್ಲ" ಅನ್ನುವ ಮಾತಂತೂ ನಂಬಬೇಡಿ. ಚಿಂತೆಯಿಂದಲೇ ಗರ್ಭ ನಿಲ್ಲುವುದಿಲ್ಲ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಆ ಮಾತು ತಪ್ಪನ್ನು ಮತ್ತೆ ನಿಮ್ಮ ತಲೆಗೇ ಕಟ್ಟುತ್ತದೆ. ಹಾಗಂತ ದುಃಖವನ್ನು ಒಬ್ಬರೇ ನುಂಗಿಕೊಂಡು ಕೂರಬೇಡಿ. ರಾತ್ರಿ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹರಕೆ ಹೊತ್ತು ಮರಕ್ಕೆ ತೊಟ್ಟಿಲು ಕಟ್ಟುವುದರಿಂದ ಸಮಾಧಾನ ಸಿಗುವುದಾದರೆ ಕಟ್ಟಿ. ಟೆಸ್ಟನ್ನು ಮಾತ್ರ ಹರಕೆ ತೀರುವ ತನಕ ಮುಂದೂಡಬೇಡಿ. ನಾಟಿ ಔಷಧಿ ತಿನ್ನುತ್ತಿದ್ದರೆ ಡಾಕ್ಟರಿಗೆ ಹೇಳಿ, ಪುಡಿಯ ಪೊಟ್ಟಣವನ್ನೂ ತೋರಿಸಿ.

ಎಲ್ಲಿಗೆ, ಏನು ತಗೊಂಡು

ಮೊದಲ ಸಲಕ್ಕೇ ಐವಿಎಫ್ ಸೆಂಟರಿಗೆ ಹೋಗಬೇಕಿಲ್ಲ. ಹೆರಿಗೆ ವಿಭಾಗದ ಡಾಕ್ಟರು ಸಾಕು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎಸ್.ಎಸ್. ಆಸ್ಪತ್ರೆ, ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆ, ಎಲ್ಲ ಕಡೆ ಆ ವಿಭಾಗವಿದೆ. ಕಳೆದ ಆರು ತಿಂಗಳ ಮುಟ್ಟಿನ ತಾರೀಖು ಬರೆದುಕೊಂಡು ಹೋಗಿ. ಹಳೆ ರಿಪೋರ್ಟ್ ಎಲ್ಲ ಒಂದೇ ಫೈಲಿನಲ್ಲಿ ಇರಲಿ, ಮಾಡಿಸಿದ್ದನ್ನೇ ಮತ್ತೆ ಮಾಡಿಸುವುದು ತಪ್ಪುತ್ತದೆ. ಮಗು ಬೇಕು ಅಂದುಕೊಂಡ ದಿನದಿಂದಲೇ ಫೋಲಿಕ್ ಆಸಿಡ್ ಮಾತ್ರೆ, ದಿನಕ್ಕೆ 400 ಮೈಕ್ರೋಗ್ರಾಮ್, ಶುರುಮಾಡಬಹುದು.

ಹರಿಹರದ ತಂಗಿಗೆ ನಾನು ಇದನ್ನೆಲ್ಲ ಒಂದೊಂದಾಗಿ ಕೇಳುತ್ತಾ ಹೋದೆ. ವಯಸ್ಸು 26. ಮುಟ್ಟು 30 ದಿನಕ್ಕೆ ಸರಿಯಾಗಿ ಬರುತ್ತದೆ. ನೋವು ಅಷ್ಟಾಗಿ ಇಲ್ಲ. ಗಂಡ ಬೆಂಗಳೂರಿನಲ್ಲಿ, ಎರಡು ವಾರಕ್ಕೊಮ್ಮೆ ಬರುತ್ತಾನೆ. ಎಂಟು ತಿಂಗಳಲ್ಲಿ ಆ ಆರು ದಿನದೊಳಗೆ ಅವನು ಊರಲ್ಲಿದ್ದದ್ದು ಎಷ್ಟು ಸಲ ಅಂತ ಕ್ಯಾಲೆಂಡರ್ ನೋಡಿ ಎಣಿಸಿದಳು. ಮೂರು ಸಲ. ಹಾಗಾದರೆ ನಿನಗೆ ಈಗಲೇ ಏನೂ ಬೇಡ, ಇನ್ನೂ ಕಾಯಬಹುದು ಅಂದೆ.

ಆಮೇಲೆ ಅವನಿಗೆ ಯಾವತ್ತಾದರೂ ಮಂಗನಬಾವು ಬಂದಿತ್ತಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಡಿಗ್ರಿ ಓದುವಾಗ ಬಂದಿತ್ತಂತೆ, ಕೆಳಗೂ ಊದಿ ಒಂದು ವಾರ ನಡೆಯೋಕೆ ಆಗಿರಲಿಲ್ಲವಂತೆ, ಅತ್ತೆಯೇ ಒಂದು ದಿನ ಮಾತಿಗೆ ಹೇಳಿದ್ದರು. ಹೀಗಾದವರಲ್ಲೂ ಹೆಚ್ಚಿನವರಿಗೆ ಮಕ್ಕಳಾಗುತ್ತವೆ, ಹೆದರಬೇಡ, ಆದರೆ ಅವನ ಒಂದು ಟೆಸ್ಟ್ ಮಾತ್ರ ಈ ತಿಂಗಳೇ ಆಗಲಿ ಅಂದೆ. ಫೋನ್ ಅವನ ಕೈಗೆ ಕೊಡು ಅಂದೆ. ಆ ಭಾನುವಾರ ಅವನು ಮನೆಯಲ್ಲೇ ಇದ್ದ. "ಹೇಳಿ ಅಕ್ಕಾ," ಅಂದ, "ಎಷ್ಟು ದಿನ ಮುಂಚೆಯಿಂದ ತಯಾರಾಗ್ಬೇಕು?"